ತಡವಾಗಿ ಕವಲೊಡೆದ ಬೇರು

ದವಡೆಹಲ್ಲಿನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಾಗ ಕಣ್ಣು ಮೊದಲು ಹೋಗುವುದು ಎನಾಮಲ್‌ನ ಬಿಳುಪಿಗೆ. ಅದರಡಿ ಡೆಂಟಿನ್‌ನ ಬೂದು, ನಡುವೆ ತಿರುಳಿನ ಕಪ್ಪು. ಬೇರನ್ನು ಸುತ್ತಿಕೊಂಡು ಒಂದು ಸಣ್ಣ ಕಪ್ಪು ಗೆರೆ, ಅದರಾಚೆ ಅಷ್ಟೇ ತೆಳುವಾದ ಬಿಳಿ ಅಂಚು. ಹಲ್ಲನ್ನು ಎಲುಬಿಗೆ ಬಿಗಿದ ನಾರುಗಳಿರುವುದು ಆ ಕಪ್ಪು ಗೆರೆಯಲ್ಲಿ. ಅವಸರಪಡದೆ ನೋಡಬೇಕಾದ ಚಿತ್ರ ಇದು.

ಕೆಳಗಿನ ಸಾಮಾನ್ಯ ದವಡೆಹಲ್ಲು ತನ್ನ ಕತ್ತಿನ ಬಳಿ ಕಿರಿದಾಗಿ, ತುಸು ಕೆಳಗೇ ಎರಡು ಬೇರಾಗುತ್ತದೆ. ಟಾರೊಡಾಂಟ್ ಎಂಬ ಬಗೆಯ ದವಡೆಹಲ್ಲಿಗೆ ಆ ಆತುರವಿಲ್ಲ. ಕಿರಿದಾಗದೆ ನೇರ ಇಳಿಯುತ್ತದೆ. ತಿರುಳಿನ ಕೋಣೆ ಬಾವಿಯಂತೆ ಆಳವಾಗಿ, ಚೌಕಾಕಾರವಾಗಿ ನಿಲ್ಲುತ್ತದೆ. ತುದಿ ಸಮೀಪಿಸಿದ ಮೇಲಷ್ಟೇ ಎರಡು ಗಿಡ್ಡ ಕಾಲು ಚಾಚುತ್ತದೆ. ಬಾಯಿ ತೆರೆದು ನೋಡಿದರೆ ಇದರ ಸುಳಿವೂ ಸಿಗದು, ಮೇಲ್ಭಾಗ ಎಲ್ಲರ ಹಲ್ಲಿನಂತೆಯೇ ಇರುತ್ತದೆ. ನನಗೆ ಅತ್ಯಂತ ಪ್ರಿಯವಾದುದು ಈ ಗುಟ್ಟು.

ಬೇರಿನ ಆಕಾರವನ್ನು ತೀರ್ಮಾನಿಸುವುದು ಹರ್ಟ್‌ವಿಗ್ ಪೊರೆ ಎಂಬ ಜೀವಕೋಶಗಳ ತೆಳುಪದರ. ಅದು ಒಳಮುಖವಾಗಿ ಮಡಚಿಕೊಂಡಲ್ಲಿ ಬೇರು ಕವಲೊಡೆಯುತ್ತದೆ. ಟಾರೊಡಾಂಟ್ ಹಲ್ಲಿನಲ್ಲಿ ಆ ಮಡಿಕೆ ತಡವಾಗುತ್ತದೆ, ಅಷ್ಟೇ. ಅಷ್ಟು ಸಣ್ಣ ವಿಳಂಬ ಇಡೀ ಹಲ್ಲಿನ ಅಳತೆಯನ್ನೇ ಬದಲಿಸಿಬಿಡುತ್ತದೆ!

ಹಲ್ಲಿಗೆ ಟಾರೊಡಾಂಟ್ ಎಂಬ ಹೆಸರು ಕೊಟ್ಟವರು ಬ್ರಿಟನ್ನಿನ ಅಂಗರಚನಾ ತಜ್ಞ ಆರ್ಥರ್ ಕೀತ್, 1913ರಲ್ಲಿ. ಅದಕ್ಕೂ ಮುಂಚೆ, 1899ರಿಂದ, ಕ್ರೊಯೇಷಿಯಾದ ಕ್ರಾಪಿನಾದಲ್ಲಿ ಡ್ರಾಗುಟಿನ್ ಗೊರ್ಯಾನೊವಿಚ್-ಕ್ರಾಂಬರ್ಗರ್ ಅಗೆದು ತೆಗೆದ ನಿಯಾಂಡರ್ತಲ್ ಅವಶೇಷಗಳಲ್ಲಿ ಇಂಥ ಹಲ್ಲುಗಳು ಬಹಳ ಇದ್ದವು. ಅವು ಸುಮಾರು 1,30,000 ವರ್ಷ ಹಿಂದಿನವು. ರಾಂಟ್‌ಜನ್ ಎಕ್ಸ್-ಕಿರಣ ಕಂಡುಹಿಡಿದದ್ದು 1895ರಲ್ಲಿ. ಕೆಲವೇ ವರ್ಷಗಳಲ್ಲಿ ಆ ಕಿರಣ ಈ ಪಳೆಯುಳಿಕೆಗಳ ಒಳಗೂ ಹೊಕ್ಕಿತು. ಅಷ್ಟು ಹಳೆಯ ದವಡೆಯ ರೇಖೆ ಇಂದು ಬದುಕಿರುವವರ ಬಾಯಲ್ಲೂ ಮೂಡುತ್ತದೆ ಎಂಬುದನ್ನು ನೆನೆದಾಗ ಚಿತ್ರ ಇನ್ನಷ್ಟು ಚೆಲುವಾಗುತ್ತದೆ.

ರೂಟ್ ಕೆನಾಲ್ ಮಾಡುವ ವೈದ್ಯರಿಗೆ ಇಂಥ ಹಲ್ಲು ಕಠಿಣ ಪರೀಕ್ಷೆ. ನಾಳಗಳ ಬಾಯಿ ಕೋಣೆಯ ತಳದಲ್ಲಿ, ಎಲ್ಲೋ ಆಳದಲ್ಲಿರುತ್ತದೆ. ಹುಡುಕಲು ಒಳ್ಳೆಯ ಬೆಳಕು, ಭೂತಗನ್ನಡಿ, ತಾಳ್ಮೆ ಎಲ್ಲವೂ ಬೇಕು. ಹಲ್ಲಿನ ಒಡೆಯರಿಗೆ ಮಾತ್ರ ಇದರಿಂದ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ.

ಮುಂದಿನ ಸಲ ದಂತವೈದ್ಯರು ಎಕ್ಸ್-ರೇ ತೆಗೆದರೆ ನಿಮಗೂ ತೋರಿಸಲು ಕೇಳಿ. ಹುಳುಕು ಎಲ್ಲಿದೆ ಎಂದು ತಿಳಿದ ಮೇಲೆ ಕಣ್ಣನ್ನು ಬೇರಿನತ್ತ ಇಳಿಸಿ, ಅದು ಎಲ್ಲಿ ಕವಲೊಡೆದಿದೆ ನೋಡಿ.