ಹಾವನ್ನು ಕರೆದ ಮಾಸ್ತರು

ನಾಗರಪಂಚಮಿ ಬಂತೆಂದರೆ ನಮ್ಮ ರಾಯಬಾಗ, ಅಥಣಿ ಕಡೆ ಬೇವಿನ ಮರಕ್ಕೆ ಜೋಕಾಲಿ, ಮನೆ ತುಂಬ ಅಳ್ಳು, ಉಂಡಿ. ಅವ್ವ ನಾಗಪ್ಪಗೆ ಹಾಲೆರೆಯುವಾಗ ನನ್ನ ಬಾಯಿಗೆ ಬರುತ್ತಿದ್ದುದು ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಪದ್ಯ. ಕಬ್ಬಿನ ಹೊಲದಲ್ಲಿ ಹಾವು ಕಂಡರೆ ಬಡಿಗೆ ಹುಡುಕುವ ಹುಡುಗರು ನಾವು. ಆ ಪದ್ಯದ ಮಗು ಮಾತ್ರ ಕೈಮುಗಿದು ಹಾವನ್ನೇ ಕರೆಯುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ, ಕೊನೆಗೆ ಹೋಗೆಂದು ಬೀಳ್ಕೊಡುತ್ತದೆ. ಅಂಜಿಕೆ, ಭಕ್ತಿ, ಆಸೆ ಮೂರೂ ಚೋಟುದ್ದದ ಸಾಲುಗಳಲ್ಲಿ!

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ. ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಹೆಡ್‌ಮಾಸ್ತರರಾಗಿ ದುಡಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ನಿವೃತ್ತರಾದ ಮೇಲೆ, 1934ರಲ್ಲಿ, ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಕ್ಕಳಿಗೆ ಬರೆದವರೊಬ್ಬರು ಆ ಪೀಠದಲ್ಲಿ ಕೂತದ್ದು ನನಗೆ ಇಂದಿಗೂ ಹೆಮ್ಮೆ.

ಆದರೆ ಅವರ ಪದ್ಯಗಳಲ್ಲಿ ಎಲ್ಲಕ್ಕಿಂತ ನನಗಿಷ್ಟ ‘ತೆಂಕಣ ಗಾಳಿಯಾಟ’. ಕಡಲನ್ನೇ ಕಾಣದ ಚಿಕ್ಕೋಡಿಯ ಮಗುವಿನಿಂದ ಅದನ್ನು ಗಟ್ಟಿಯಾಗಿ ಓದಿಸಿ ನೋಡಿ. ಗಾಳಿಯ ಬುಸುಗುಟ್ಟುವಿಕೆಯೆಲ್ಲ ಅಕ್ಷರಗಳ ಸದ್ದಿನಲ್ಲೇ ಇದೆ, ವರ್ಣನೆಯೇ ಬೇಕಿಲ್ಲ. ಸಾಲು ಸಾಲಿಗೆ ಓಟ ಹೆಚ್ಚುತ್ತದೆ, ಓದುವವರಿಗೆ ಉಸಿರು ತಗೊಳ್ಳಲು ಬಿಡುವಿಲ್ಲ. ನಮ್ಮೂರ ಸಾಲಿಯಲ್ಲಿ ಒಬ್ಬ ಹುಡುಗ ಓದಿ ಮುಗಿಸಿದವನೇ ಎದ್ದು ಹೋಗಿ ಕಿಟಕಿ ಮುಚ್ಚಿಬಂದ.