ತಿರುಮಕೂಡಲಿನ ಏಳು ತಂತಿಗಳು

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರವೂ, ಅದೇ ಕಪಿಲೆಯ ದಡದ ನಂಜನಗೂಡೂ ತೀರ್ಥಕ್ಷೇತ್ರಗಳೆಂದು ನಾಡಿಗೆಲ್ಲ ಪರಿಚಿತವಾಗಿವೆ. ಸಂಗೀತಪ್ರಿಯರಿಗಾದರೋ ಈ ಸೀಮೆ ಮತ್ತೊಂದು ಕಾರಣದಿಂದಲೂ ಪೂಜ್ಯವಾದುದು. ಪಿಟೀಲು ಚೌಡಯ್ಯನವರು ತಿರುಮಕೂಡಲಿನವರು. ತಾವು ರಚಿಸಿದ ಕೃತಿಗಳಿಗೆ ‘ತ್ರಿಮಕುಟ’ವೆಂಬ ಅಂಕಿತವನ್ನಿಟ್ಟು ಹುಟ್ಟಿದೂರಿನ ಋಣವನ್ನು ನಾದದಲ್ಲಿಯೇ ಸಲ್ಲಿಸಿದವರು. ಮದರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಳಾನಿಧಿ ಬಿರುದನ್ನಿತ್ತಿತು. ಅವರು ತೀರಿಕೊಂಡದ್ದು 1967ರ ಜನವರಿಯಲ್ಲಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1980ರಲ್ಲಿ ಅವರ ಹೆಸರಿನ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ಎದ್ದುನಿಂತಿತು. ಕೀರ್ತಿಯ ಈ ಕುರುಹುಗಳಿಗಿಂತ ಆಳವಾದ ಪ್ರಶ್ನೆಯೊಂದನ್ನು ಅವರ ಜೀವಿತ ನಮ್ಮ ಮುಂದಿಡುತ್ತದೆ: ಒಂದು ವಾದ್ಯಕ್ಕೆ ಆಯುಷ್ಯವನ್ನೇ ಧಾರೆಯೆರೆದವನಿಗೆ ಆ ವಾದ್ಯ ಪ್ರತಿಯಾಗಿ ಕೊಡುವುದೇನು?

ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಗಾಯಕರು. ಗಾಯಕರ ಬಳಿ ಕುಳಿತು ಪಿಟೀಲನ್ನು ಸಾಧಿಸಿದವನಿಗೆ ಕಂಠವೇ ಪ್ರಮಾಣ. ಕಮಾನಿನ ಒಂದೊಂದು ಎಳೆತವೂ ಹಾಡುವವನ ಉಸಿರನ್ನು ಅನುಸರಿಸತಕ್ಕದ್ದು, ಬೆರಳಿನ ಒಂದೊಂದು ಜಾರುವಿಕೆಯೂ ಕಂಠದ ಗಮಕವನ್ನು ನೆನಪಿಗೆ ತರತಕ್ಕದ್ದು. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮ ಸಂಗೀತಕ್ಕೆ ಒಗ್ಗಿಬಂದ ಈ ಪಾಶ್ಚಾತ್ಯ ವಾದ್ಯಕ್ಕೆ ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಸ್ವರಸ್ಥಾನವನ್ನು ಕಣ್ಣು ತೋರಿಸಲಾರದು, ಕಿವಿಯೇ ತೋರಿಸಬೇಕು. ಪಕ್ಕವಾದ್ಯಗಾರನ ಕಷ್ಟ ಇಲ್ಲಿಗೆ ಮುಗಿಯದು. ಧ್ವನಿವರ್ಧಕವಿಲ್ಲದಿದ್ದ ಆ ದಿನಗಳಲ್ಲಿ, ಹೆಗ್ಗಂಠದ ಭಾಗವತರ ಪಕ್ಕದಲ್ಲಿ, ಮೃದಂಗದ ಘೋಷದ ನಡುವೆ, ಪಿಟೀಲಿನ ನಾದ ಹಿಂದಿನ ಸಾಲಿನ ಶ್ರೋತೃವನ್ನು ಮುಟ್ಟುವ ಮೊದಲೇ ಕರಗಿಹೋಗುತ್ತಿತ್ತು. ಈ ಕೊರತೆಯನ್ನು ನೀಗಲೆಂದೇ ಚೌಡಯ್ಯನವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಸೇರಿಸಿ, ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಯುವಂತೆ ಶ್ರುತಿಗೊಳಿಸಿದರು.

ಈ ನಿರ್ಮಾಣದ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ತೂಗುವುದು ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ. ನಾದಕ್ಕೆ ತುಂಬು ಬಂದಿತು, ಗಾಂಭೀರ್ಯ ಬಂದಿತು. ಮಂದ್ರದಲ್ಲಿ ಸಂಚರಿಸುವಾಗ ಮೇಲಿನ ಸ್ಥಾಯಿಯ ಛಾಯೆಯೊಂದು ಜೊತೆಗೂಡಿ, ರಾಗಕ್ಕೆ ಒಬ್ಬನೇ ವಾದಕನಿಂದ ಸಾಧಾರಣವಾಗಿ ದೊರೆಯದ ವಿಸ್ತಾರ ಲಭಿಸಿತು. ಆದರೆ ತಂತಿಗಳು ಹೆಚ್ಚಿದಷ್ಟೂ ಬಿರಡೆಗಳ ಹೊಣೆ ಹೆಚ್ಚುತ್ತದೆ. ಒಂದು ಬೆರಳಿನ ತುದಿ ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಜೊತೆಯಲ್ಲೊಂದು ಕೂದಲೆಳೆಯಷ್ಟು ಇಳಿದರೂ ಅಪಶ್ರುತಿ ಮರೆಯಾಗದೆ ಇಮ್ಮಡಿಯಾಗಿಯೇ ಕೇಳುತ್ತದೆ. ತ್ವರಿತಗತಿಯ ಸಂಗತಿಗಳಲ್ಲಿ ಒಂಟಿ ತಂತಿಯ ಸೂಕ್ಷ್ಮತೆಯನ್ನು ಉಳಿಸಿಕೊಳ್ಳುವುದು ಅತಿ ಪ್ರಯಾಸದ ಕೆಲಸ. ಧ್ವನಿವರ್ಧಕ ಸಭೆಗಳನ್ನು ಹೊಕ್ಕ ಮೇಲೆ ಈ ವಾದ್ಯದ ಪ್ರಥಮ ಪ್ರಯೋಜನವೇ ಕ್ಷೀಣಿಸಿತು. ವಿದ್ವಾನ್ ಆರ್. ಆರ್. ಕೇಶವಮೂರ್ತಿಗಳಂತಹ ಸಮರ್ಥರು ಅದನ್ನು ಮುಂದುವರಿಸಿದರಾದರೂ ಏಳು ತಂತಿಯ ಪಿಟೀಲು ಸರ್ವಸಾಮಾನ್ಯ ವಾದ್ಯವಾಗಲಿಲ್ಲ. ಉಪಕರಣವೆಂದು ನೋಡಿದರೆ ಅದು ಒಂದು ಯುಗದ ಅಗತ್ಯಕ್ಕೆ ದೊರೆತ ಉತ್ತರ; ಯುಗ ಕಳೆದಂತೆ ಉತ್ತರವೂ ಹಿಂದೆ ಸರಿಯಿತು.

ಸಾಧನೆಯೆಂದು ನೋಡಿದರಾದರೋ ತೀರ್ಪು ಬೇರೆಯಾಗುತ್ತದೆ. ಏಳು ತಂತಿಗಳ ಶ್ರುತಿಯನ್ನು ಕಚೇರಿಯುದ್ದಕ್ಕೂ ಕಾಪಾಡಬಲ್ಲ ಕಿವಿ, ಪಕ್ಕದವನ ಮನೋಧರ್ಮವನ್ನು ಅದು ಸ್ವರವಾಗಿ ಹೊಮ್ಮುವ ಕ್ಷಣದಲ್ಲಿಯೇ ಗ್ರಹಿಸಬಲ್ಲ ಕಿವಿಯೂ ಹೌದು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಮಿತವಾದ ಮಧ್ಯಮಕಾಲದ ನಡೆಯೂ, ಚೆಂಬೈ ವೈದ್ಯನಾಥ ಭಾಗವತರ ಘನವಾದ ಕಂಠವೂ ಒಂದನ್ನೊಂದು ಹೋಲುವುದಿಲ್ಲ. ಇಬ್ಬರಿಗೂ ಪಕ್ಕವಾದ್ಯ ನುಡಿಸಿದ ಚೌಡಯ್ಯನವರು ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಮತ್ತೊಬ್ಬನ ಆಲೋಚನೆಯ ಜಾಡನ್ನು ತಮ್ಮದಾಗಿಸಿಕೊಂಡು, ತಮ್ಮ ಸರದಿ ಬಂದಾಗ ಅದನ್ನು ಬೆಳಗಿಸಿ ಹಿಂದಿರುಗಿಸಬೇಕಾಗಿತ್ತು. ಪರರ ಮನಸ್ಸಿಗೆ ಸಂಪೂರ್ಣವಾಗಿ ಕಿವಿಗೊಟ್ಟೂ ತನ್ನತನವನ್ನು ಕಳೆದುಕೊಳ್ಳದಿರುವ ಈ ಶಕ್ತಿಯೇ ವಾದ್ಯಸಾಧನೆಯ ಪರಮಫಲವೆಂದು ನಾನು ಬಲ್ಲೆನು. ಚಪ್ಪಾಳೆ ಸಭೆಯಲ್ಲಿಯೇ ಉಳಿಯುತ್ತದೆ. ಪಳಗಿದ ಶ್ರವಣ ಮನುಷ್ಯನೊಡನೆ ಮನೆಗೆ ಬರುತ್ತದೆ, ಮುಪ್ಪಿನಲ್ಲಿ ಬೆರಳಿನ ವೇಗ ಕುಗ್ಗಿದ ಮೇಲೆಯೂ ಉಳಿಯುತ್ತದೆ.

ಈ ಫಲ ವಿದ್ವಾಂಸರ ಸೊತ್ತು ಮಾತ್ರವೆಂದು ಭಾವಿಸುವವರು ಇದೇ ಸೀಮೆಯ ಹಳ್ಳಿಗಳತ್ತ ತಿರುಗಿ ನೋಡಬೇಕು. ಮಂಟೇಸ್ವಾಮಿಯ ಒಕ್ಕಲಿನ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಇರುಳೆಲ್ಲ ಕಾವ್ಯವನ್ನು ಹಾಡುತ್ತಾರೆ. ಮಹದೇಶ್ವರನ ದೇವರಗುಡ್ಡರು ಕಂಸಾಳೆಯನ್ನು ಹಿಡಿಯುವುದು ದೀಕ್ಷೆಯ ಬಲದಿಂದ. ನೀಲಗಾರರ ಮೇಳದ ಮುಖ್ಯ ಗಾಯಕ ಹೆಗಲಿಗೆ ತಂಬೂರಿಯನ್ನು ಆನಿಸಿ, ಒಂದು ಕೈಯಿಂದ ತಂತಿಯನ್ನು ಮೀಟುತ್ತ, ಮತ್ತೊಂದು ಕೈಯಲ್ಲಿ ಗಗ್ಗರದ ಲಯವನ್ನು ಹಿಡಿದು, ಹಿಮ್ಮೇಳದವರ ಸೊಲ್ಲಿಗೆ ಕಿವಿಗೊಟ್ಟು, ಕಥೆಯ ಮುಂದಿನ ಸಾಲನ್ನು ನೆನಪಿನಿಂದ ಎತ್ತಿಕೊಳ್ಳುತ್ತಾನೆ. ಓದುಬರಹ ಕಲಿಯದವನ ಎದೆಯಲ್ಲಿ ಮಹಾಕಾವ್ಯವೊಂದು ನೆಲೆನಿಂತಿರುವುದಕ್ಕೆ ಆ ಶ್ರುತಿ, ಆ ಲಯಗಳೇ ಆಧಾರ. ರಾಗದ ಸೂಕ್ಷ್ಮ ವಿವೇಚನೆ ಅಲ್ಲಿ ಇಲ್ಲದಿರಬಹುದು. ವಾದ್ಯವನ್ನು ಬಾಳಿನ ವ್ರತವಾಗಿಸಿಕೊಳ್ಳುವುದರಲ್ಲಿ ಆ ಮೇಳ ಯಾವ ಸಭಾಕಚೇರಿಗೂ ಕಿರಿದಲ್ಲ.

ಇಂದು ನಮ್ಮ ಊರುಗಳಲ್ಲಿ ಮಕ್ಕಳಿಗೆ ವಾದ್ಯ ಕಲಿಸುವ ತಾಯಿತಂದೆಗಳು ಕಡಮೆಯೇನಿಲ್ಲ. ಆದರೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಸೋಪಾನದಲ್ಲಿ ಕಣ್ಣು ನೆಟ್ಟು, ಪ್ರಮಾಣಪತ್ರ ಕೈಗೆ ಬಂದ ದಿನವೇ ಪಿಟೀಲನ್ನು ಪೆಟ್ಟಿಗೆಗೆ ಸೇರಿಸುವ ಪದ್ಧತಿ ಬೆಳೆದಿರುವುದು ವ್ಯಥೆಯ ಸಂಗತಿ. ಪರೀಕ್ಷೆ ಕ್ರಮವನ್ನು ಕಲಿಸಬಲ್ಲುದು, ಅದಕ್ಕೆ ಅದರದೇ ಆದ ಉಪಯೋಗವುಂಟು. ಬಾಳಿನುದ್ದಕ್ಕೂ ನುಡಿಸುವ ಆಸೆಯನ್ನು ಅದು ಹುಟ್ಟಿಸಲಾರದು. ಆ ಆಸೆ ಹುಟ್ಟುವುದು ಮಗುವನ್ನು ಒಬ್ಬ ಹಾಡುವವನ ಪಕ್ಕದಲ್ಲಿ ಕೂರಿಸಿ, ಅವನನ್ನು ಹಿಂಬಾಲಿಸಿ ನುಡಿಸೆಂದಾಗ. ಗುರುಗಳು ವಾರಕ್ಕೊಮ್ಮೆಯಾದರೂ ಈ ಪಾಠವನ್ನು ನಡೆಸಲಿ, ಹೆತ್ತವರು ಅಂಕಗಳ ವಿಚಾರವನ್ನು ಆ ಹೊತ್ತಿಗೆ ಮರೆಯಲಿ. ಹಾಗೆ ಬೆಳೆದ ಮಗು ವೇದಿಕೆಯನ್ನು ಎಂದೂ ಏರದಿದ್ದರೂ ಅದರ ಕಲಿಕೆ ವ್ಯರ್ಥವಾಯಿತೆಂದು ಹೇಳುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ.