ಸಾವಿರ ವ್ಯಾಟಿನ ಕಿತ್ತಳೆ ಡಬ್ಬ

ಡಬ್ಬ ಕಿತ್ತಳೆ ಬಣ್ಣದ್ದು. ಗೇಣಿಗೆ ತುಸು ಕಡಿಮೆ ಉದ್ದ, 12 ಸೆಂಟಿಮೀಟರ್ ಎತ್ತರ. ಮುಂದೆ ಎರಡು ತಿರುಗಣಿ, ನೀಲಿ ದೀಪದ ಬ್ಲೂಟೂತ್ ಪಟ್ಟಿ. ಮೈಮೇಲೆ ಬೆರಳಾಡಿಸಿದರೆ ಶಾವಿಗೆ ಎಳೆಗಳನ್ನು ಒಂದರ ಮೇಲೊಂದು ಅಂಟಿಸಿದಂತೆ ಸಣ್ಣ ಗೀರುಗಳು ತಾಗುತ್ತವೆ. ಅದು ಹುಟ್ಟಿದ್ದೂ ಹಾಗೆಯೇ. ತ್ರೀಡಿ ಪ್ರಿಂಟರ್ ಒಂದು ಲೆಕ್ಕದಲ್ಲಿ ಬಿಸಿ ಮೂತಿಯ ಶಾವಿಗೆ ಒರಳು. ಪ್ಲಾಸ್ಟಿಕ್ ದಾರವನ್ನು ಕರಗಿಸಿ 0.2 ಮಿಲಿಮೀಟರ್ ದಪ್ಪದ ಪದರಗಳಾಗಿ ಹಾಸುತ್ತ ಹೋಗುತ್ತದೆ. 12 ಸೆಂಟಿಮೀಟರ್ ಅಂದರೆ 600 ಪದರ. ಮುನ್ನೂರು ಚಿಲ್ಲರೆ ಪದರ ಮುಗಿದಾಗ ಕರೆಂಟ್ ಹೋಗಿತ್ತಂತೆ. ಮರಳಿ ಬಂದ ಮೇಲೆ ಯಂತ್ರ ಬಿಟ್ಟಲ್ಲಿಂದಲೇ ಹಿಡಿದುಕೊಂಡಿತಾದರೂ ಡಬ್ಬದ ನಡುವಿಗೆ ಉಡಿದಾರ ಕಟ್ಟಿದಂತೆ ಒಂದು ಗೀಟು ಉಳಿದಿದೆ. ಇಡೀ ಡಬ್ಬದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ಗೀಟು. ಇದು ಕಲಬುರಗಿಯಲ್ಲಿ ತಯಾರಾದದ್ದು ಅನ್ನಲು ಅದರ ಮೇಲೆ ಬೇರೆ ಗುರುತಿಲ್ಲ.

ಈ ಆಂಪ್ಲಿಫೈಯರ್ ಮಾಡಿದವನು ನಮ್ಮ ಓಣಿಯ ಹುಡುಗ, ಎಂಜಿನಿಯರಿಂಗ್ ಓದುತ್ತಾನೆ. ತಂದು ಮೇಜಿನ ಮೇಲಿಟ್ಟು, "ಸಾವಿರ ವ್ಯಾಟ್ ಅದರಿ ಸರ" ಅಂದ. ಯಾರು ಹೇಳಿದರು ಅಂತ ಕೇಳಿದೆ. ಬೋರ್ಡು ಬಂದ ಪೆಟ್ಟಿಗೆಯ ಮೇಲೆ ಬರೆದಿತ್ತಂತೆ. ಕೆಳಗೆ ಸಣ್ಣಕ್ಷರದಲ್ಲಿ ಪಿಎಂಪಿಒ ಅಂತಲೂ ಇತ್ತಂತೆ.

ಪಿಎಂಪಿಒ ಅನ್ನುವುದು ಅಳತೆಯಲ್ಲ, ವ್ಯಾಪಾರದ ಮಾತು. ಯಾವ ಅಳತೆಗೋಲಿಗೂ ಸಿಗದ ಅಂಕಿ ಅದು. ಒಳಗಿರುವುದು 4440 ಐಸಿ. ಜಪಾನಿನ ಸ್ಯಾನ್ಯೊ ಕಂಪನಿ ಕಾರಿನ ಸ್ಟೀರಿಯೊಗೆಂದು ಮಾಡಿದ್ದು. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವ ನಮ್ಮವರಿಗೆ ಇಂದಿಗೂ ಅದೇ ಕುಲದೇವರು. ಅದರ ಡೇಟಾಶೀಟಿನಲ್ಲಿ ಇರುವುದು ಎರಡು ಚಾನೆಲಿಗೆ 6 ವ್ಯಾಟಿನಂತೆ, ಎರಡನ್ನೂ ಸೇತುವೆ ಕಟ್ಟಿದಂತೆ ಜೋಡಿಸಿದರೆ 19 ವ್ಯಾಟ್. ಡೇಟಾಶೀಟ್ ಬೇಡ ಅಂದರೆ ಲೆಕ್ಕ ಹಾಕಿ. ಕಾರಿನ 12 ವೋಲ್ಟಿನ ಬ್ಯಾಟರಿ, 4 ಓಮ್ ಸ್ಪೀಕರ್, ಸೇತುವೆ ಜೋಡಣೆ: 12ರ ವರ್ಗ 144, ಅದನ್ನು 8ರಿಂದ ಭಾಗಿಸಿದರೆ 18. ಭೌತಶಾಸ್ತ್ರ ಕೊಡುವುದೇ ಅಷ್ಟು. ಉಳಿದ 982 ವ್ಯಾಟ್ ಪೆಟ್ಟಿಗೆ ಅಚ್ಚು ಹಾಕಿದವನ ಕೊಡುಗೆ.

ಹಾಗೆ ನೋಡಿದರೆ 18 ವ್ಯಾಟ್ ಒಂದು ಮನೆಗೆ ಹೆಚ್ಚೇ ಆಯಿತು. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಏನೋ ತುಸು ಜೋರಾಯಿತು ಅನ್ನುವಷ್ಟು. ಕಿವಿ ತಾನಾಗಿ 'ಎರಡು ಪಟ್ಟು' ಅನ್ನಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟು ಬೇಕು. ನಮ್ಮ ಹವ್ಯಾಸಿಗಳು ವ್ಯಾಟಿನ ಬೆನ್ನು ಹತ್ತಿ ಟ್ರಾನ್ಸ್‌ಫಾರ್ಮರಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು ಒಳ್ಳೆಯ ಸ್ಪೀಕರಿಗೂ ಅದರ ಪೆಟ್ಟಿಗೆಗೂ ಹಾಕಿದರೆ ಹಾಡು ಬೇರೆಯೇ ಕೇಳುತ್ತದೆ. ಇದನ್ನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ನನ್ನ ಮನೆಯವರು ಬಿಟ್ಟರೆ ಯಾರೂ ಕೇಳಿಲ್ಲ, ಅವರಿಗೂ ಬೇಕಾದದ್ದು ಸದ್ದು ಕಡಿಮೆಯಾಗುವುದಷ್ಟೇ.

ವ್ಯಾಟಿನ ಸುಳ್ಳನ್ನು ಕ್ಷಮಿಸಬಹುದು, ಅದು ಹುಡುಗನದಲ್ಲ. ನನ್ನ ತಕರಾರು ಬೇರೆ. ಡಬ್ಬ ಯಾವ ಊರಿನಲ್ಲಿ ಓಡಬೇಕು ಅನ್ನುವುದನ್ನು ಒಳಗಿನ ಒಂದು ಭಾಗವೂ ಕೇಳಿಕೊಂಡಂತಿಲ್ಲ.

ಮೊದಲು ಕರೆಂಟು. ಒಳಗೆ 12-0-12 ಟ್ರಾನ್ಸ್‌ಫಾರ್ಮರ್, ಎರಡು ಡಯೋಡ್. ಗೋಡೆಯಲ್ಲಿ 230 ವೋಲ್ಟ್ ಇದ್ದರೆ ಐಸಿಗೆ ಸಿಗುವುದು 16 ಚಿಲ್ಲರೆ ವೋಲ್ಟ್, ತೊಂದರೆಯಿಲ್ಲ. ಆದರೆ ಹುಡುಗನ ತಾಯಿಯ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿಲೋಮೀಟರ್. ಕೆಂಪು ಬಾಳೆಗೆ ಹೆಸರಾದ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಊರು. ಬಾಳೆ ಅಂದ ಮೇಲೆ ನೀರು, ನೀರು ಅಂದ ಮೇಲೆ ಪಂಪ್‌ಸೆಟ್. ಪಂಪುಗಳೆಲ್ಲ ಎಳೆಯುವಾಗ ಲೈನಿನ ವೋಲ್ಟೇಜ್ ಕುಸಿಯುತ್ತದೆ, ರಾತ್ರಿ ಒಂದೊಂದೇ ನಿಂತಾಗ ಜಿಗಿಯುತ್ತದೆ. 260ಕ್ಕೆ ಏರಿತು ಅನ್ನಿ, ಐಸಿಗೆ ಹದಿನೆಂಟೂವರೆ ವೋಲ್ಟ್ ಹೋಗುತ್ತದೆ. 4440 ಹಾಡುವಾಗ ತಡೆದುಕೊಳ್ಳುವುದು 18. ಹುಡುಗ ಈ ಡಬ್ಬವನ್ನು ದೀಪಾವಳಿಗೆ ಅಲ್ಲಿಗೆ ಒಯ್ದಾಗ ರಾತ್ರಿ ಹನ್ನೊಂದರ ಹೊತ್ತಿಗೆ 'ಟಪ್' ಅಂದಿತಂತೆ. ಅವನು ಐಸಿಯನ್ನು ಡೂಪ್ಲಿಕೇಟ್ ಅಂತ ಬೈದ. ಐಸಿಯದು ತಪ್ಪಿರಲಿಲ್ಲ. 9-0-9 ಟ್ರಾನ್ಸ್‌ಫಾರ್ಮರ್ ಹಾಕಿದ್ದರೆ ಸದ್ದಿನಲ್ಲಿ ಸ್ವಲ್ಪ ಕಳೆದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು.

ಆಮೇಲೆ ಬಿಸಿಲು. 4440ರಂಥ ಹಳೆಯ ಜಾತಿಯ ಆಂಪ್ಲಿಫೈಯರ್ ಸ್ಪೀಕರಿಗೆ 10 ವ್ಯಾಟ್ ಕೊಟ್ಟರೆ ಹೆಚ್ಚುಕಡಿಮೆ ಅಷ್ಟನ್ನೇ ಬಿಸಿಯಾಗಿ ಕಕ್ಕುತ್ತದೆ. ಡಬ್ಬದೊಳಗಿನ ಅಂಗೈಯಗಲದ ಹೀಟ್‌ಸಿಂಕ್ ಪ್ರತಿ ವ್ಯಾಟಿಗೆ 5 ಡಿಗ್ರಿ ಏರುತ್ತದೆ ಅಂದುಕೊಂಡರೂ 50 ಡಿಗ್ರಿ ಆಯಿತು. ಬೆಂಗಳೂರಿನ 28 ಡಿಗ್ರಿಯ ಕೋಣೆಯಲ್ಲಿ ಅದು 78. ನಮ್ಮ ಮೇ ತಿಂಗಳ 43ರಲ್ಲಿ 93. ಈಗ ಡಬ್ಬ ಯಾವುದರದು ನೋಡಿ: ಪಿಎಲ್‌ಎ ಪ್ಲಾಸ್ಟಿಕ್, ಮೆಕ್ಕೆಜೋಳದಂಥ ಬೆಳೆಯ ಪಿಷ್ಟದಿಂದ ಬರುವುದು. ಸುಮಾರು 60 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ನಮ್ಮೂರಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಕೂಡ ಅಷ್ಟು ಕಾಯುತ್ತದೆ. ಹೀಟ್‌ಸಿಂಕಿನ ನೇರ ಮೇಲಿದ್ದ ಮುಚ್ಚಳ ಹಂಚಿನ ಮೇಲಿಟ್ಟ ಹಪ್ಪಳದಂತೆ ಬಾಗಿತ್ತು. ಗಾಳಿಗೆ ಒಂದು ಕಿಂಡಿಯೂ ಇರಲಿಲ್ಲ. "ಕಿಂಡಿ ಇಟ್ರ ಲುಕ್ ಹೋಗ್ತದರಿ ಸರ." ಕಂಡೆನ್ಸರುಗಳು 85 ಡಿಗ್ರಿಯವು. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಅನ್ನುವುದು ಈ ಕಸುಬಿನ ಹಳೆಯ ಲೆಕ್ಕ. ಪಕ್ಕದ ಡಬ್ಬಿಯಲ್ಲೇ 105 ಡಿಗ್ರಿಯವು ಇರುತ್ತವೆ, ಬೆಲೆಯಲ್ಲಿ ಒಂದು ಚಹಾದಷ್ಟೂ ವ್ಯತ್ಯಾಸವಿಲ್ಲ. ಅಂಗಡಿಯಲ್ಲಿ ಕೇಳಬೇಕು ಅಷ್ಟೆ.

ಬ್ಲೂಟೂತಿನ ಕಿರಿಕಿರಿಯನ್ನು ಬೇಗ ಮುಗಿಸುತ್ತೇನೆ. ಹಾಡು ನಿಂತಾಗ ಸ್ಪೀಕರಿನಲ್ಲಿ 'ಕಿರ್ರ್ ಟಿಕ್ ಟಿಕ್' ಅನ್ನುತ್ತದಲ್ಲ, ಅದು ಬ್ಲೂಟೂತ್ ಬೋರ್ಡೂ ಆಂಪ್ಲಿಫೈಯರೂ ಒಂದೇ ಗ್ರೌಂಡ್ ತಂತಿಯಲ್ಲಿ ಜಗಳಾಡುವ ಸದ್ದು. ಬ್ಲೂಟೂತಿಗೆ ಬೇರೆ ಅಡಿಗೆ ಮನೆ ಮಾಡಿಕೊಟ್ಟರೆ, ಅಂದರೆ ಐಸೊಲೇಟ್ ಆದ ಪುಟ್ಟ 5 ವೋಲ್ಟ್ ಮಾಡ್ಯೂಲ್ ಹಾಕಿದರೆ, ಜಗಳ ನಿಲ್ಲುತ್ತದೆ. ಹುಡುಗನಿಗೆ ಆ ಸದ್ದು ಕೇಳಿಯೇ ಇರಲಿಲ್ಲ. ಅವನು ಹಾಡು ನಿಲ್ಲಿಸುವುದೇ ಇಲ್ಲ.

ಈ ಹುಡುಗ ಒಂಟಿಯಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ತನ್ನದೇ ಭಾಗಗಳನ್ನು ತಾನೇ ಅಚ್ಚು ಹಾಕಿಕೊಳ್ಳುವ ಯಂತ್ರದ ಕೆಲಸ ಶುರು ಮಾಡಿ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2009ರಲ್ಲಿ ಪ್ಲಾಸ್ಟಿಕ್ ದಾರ ಕರಗಿಸಿ ಅಚ್ಚು ಹಾಕುವ ವಿಧಾನದ ಮೂಲ ಪೇಟೆಂಟಿನ ಅವಧಿ ಮುಗಿಯಿತು. ಅಲ್ಲಿಂದ ಯಂತ್ರ ಅಗ್ಗವಾಗುತ್ತ ಬಂದು ಈಗ ಓಣಿಯ ಮನೆಯ ಮಂಚದ ಕೆಳಗೆ ಕೂತಿದೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೂ ಇದನ್ನು ತೋರಿಸುತ್ತಿದೆ. ಬಿಡಿಭಾಗಕ್ಕೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ರೈಲು ಹತ್ತಬೇಕಿದ್ದ ಕಾಲ ಹೋಗಿ ಮನೆಬಾಗಿಲಿಗೆ ಪಾರ್ಸಲ್ ಬರುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ಪಾರ್ಸಲಿನಲ್ಲಿ ಬರುವ ಬೋರ್ಡಿಗೆ ಊರು ಗೊತ್ತಿರುವುದಿಲ್ಲ. ಗೊತ್ತು ಮಾಡಿಸುವುದೇ ಹವ್ಯಾಸಿಯ ಕೆಲಸ.

ಟಿಂಕರ್ ಅನ್ನುವ ಪದದ ಬೇರು ನೋಡಿದರೆ ಅದು ತೂತು ಬಿದ್ದ ಪಾತ್ರೆ ರಿಪೇರಿ ಮಾಡುತ್ತ ಊರೂರು ತಿರುಗುವವನ ಹೆಸರು. ನಮ್ಮಲ್ಲಿ ಹತ್ತಿರದವನು ಕಲಾಯಿವಾಲ. ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರುತ್ತಿದ್ದ. ಹಳೆಯ ರೇಡಿಯೊ ಮಿಸ್ತ್ರಿಗಳೂ ಸೋಲ್ಡರಿಂಗ್ ಐರನ್ನಿನ ಮೂತಿ ಸ್ವಚ್ಛ ಮಾಡಲು ಅದೇ ನವಸಾಗರದ ಗಡ್ಡೆಗೆ ಉಜ್ಜುತ್ತಿದ್ದರು. ಹೊಗೆಯ ವಾಸನೆಯೂ ಅದೇ. ಇಬ್ಬರೂ ಮುಟ್ಟುತ್ತಿದ್ದದ್ದು ಯಾರದೋ ಮನೆಯಲ್ಲಿ ಬಳಸಿ ಸವೆದ ವಸ್ತುವನ್ನು.

ಈ ಜಿಲ್ಲೆಗೆ ಎಲೆಕ್ಟ್ರಾನಿಕ್ಸ್ ತಡವಾಗಿ ಬಂತು ಅಂತ ಅಂದುಕೊಳ್ಳುವವರಿಗೆ ಒಂದು ವಿಷಯ ನೆನಪಿಸಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟಿವಿ ನೋಡಿದವು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಗುಲಬರ್ಗಾದಲ್ಲಿ ಟಿವಿ ಕೇಂದ್ರ 1977ರಲ್ಲೇ ಬಂತು, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಆ ಪ್ರಯೋಗದಲ್ಲಿ ನನಗೆ ಈಗಲೂ ದೊಡ್ಡದಾಗಿ ಕಾಣುವುದು ಉಪಗ್ರಹವಲ್ಲ, ಹಳ್ಳಿಯಲ್ಲಿ ನಿಂತ ಆಂಟೆನಾ. ಮೂರು ಮೀಟರ್ ಅಗಲದ ಆ ಬುಟ್ಟಿ ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು. ಹಗುರ, ಅಗ್ಗ, ಬೀಸುವ ಗಾಳಿ ಅದರ ಕಣ್ಣುಗಳೊಳಗಿಂದ ತೂರಿ ಹೋಗುತ್ತದೆ. ಆ ಅಲೆಯ ಉದ್ದಕ್ಕೆ ಜಾಲರಿಯ ಕಣ್ಣು ಸಾಕಷ್ಟು ಸಣ್ಣದು, ಆದ್ದರಿಂದ ಅಲೆಗೆ ಅದು ತಟ್ಟೆಯೇ. ಹಳ್ಳಿಯನ್ನು ಕಣ್ಣಮುಂದಿಟ್ಟುಕೊಂಡು ಯೋಚಿಸಿದವರ ಕೆಲಸ ಅದು. ಕಿತ್ತಳೆ ಡಬ್ಬವನ್ನು ನಾನು ಅಳೆಯುವುದು ಆ ಜಾಲರಿಯ ಪಕ್ಕದಲ್ಲಿಟ್ಟು. ಹುಡುಗನಿಗೆ ಇದು ಅನ್ಯಾಯ ಅನ್ನಿಸಬಹುದು, ಅನ್ನಿಸಲಿ.

ಟಪ್ ಅಂದ ಡಬ್ಬವನ್ನು ಹುಡುಗ ಕಮಲಾಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಾಕಾನ ಹತ್ತಿರ ಒಯ್ದಿದ್ದ. ನಾನೂ ಒಂದು ಭಾನುವಾರ ಜೊತೆಗೆ ಹೋದೆ. ತಗಡಿನ ಶೆಡ್ಡು, ಗೋಡೆಗೆ ನೇತುಹಾಕಿದ ಹಾರ್ನುಗಳು, ಮೂಲೆಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿ. ಕಾಕಾ ಡಬ್ಬವನ್ನು ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲಾ ಬರೋಬ್ಬರಿ ಅದ. ಇದರ ಹೊಟ್ಟಿ ಹ್ಯಾಂಗ ಬಿಚ್ಚಬೇಕೋ ತಮ್ಮಾ?" ಹುಡುಗ ಮುಚ್ಚಳವನ್ನು ಅಂಟು ಸುರಿದು ಕೂಡಿಸಿದ್ದ. ಸ್ಕ್ರೂ ಕಾಣಬಾರದು ಅಂತ.

ಕಾಕಾ ಓದಿದ್ದು ಏಳನೇ ಕ್ಲಾಸು. ಜಾತ್ರೆಯಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆಯುವಾಗ ಅವನು ಹಾರ್ನನ್ನು ಆಂಪ್ಲಿಫೈಯರಿನ 100 ವೋಲ್ಟಿನ ಕಡ್ಡಿಗೆ ಹಚ್ಚುತ್ತಾನೆ. ಯಾಕೆ ಅಂದರೆ, "ತಂತಿ ಉದ್ದಾದ್ರ ಆವಾಜ್ ತಂತಿನೇ ತಿಂತದ." ಲೆಕ್ಕ ಸರಿಯಿದೆ. 100 ವ್ಯಾಟನ್ನು 4 ಓಮಿನ ಮೇಲೆ ಕಳಿಸಲು 5 ಆಂಪಿಯರ್ ಬೇಕು, 100 ವೋಲ್ಟಿನಲ್ಲಿ 1 ಆಂಪಿಯರ್ ಸಾಕು. ತಂತಿಯಲ್ಲಿ ಹಾಳಾಗುವುದು 25ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಹುಡುಗನಿಗೆ ಈ ಸೂತ್ರ ಬಾಯಿಪಾಠ ಬರುತ್ತದೆ, ಕಡ್ಡಿ ಯಾವುದು ಅಂತ ಗೊತ್ತಿರಲಿಲ್ಲ. ಇಬ್ಬರ ನಡುವೆ 35 ಕಿಲೋಮೀಟರ್ ಅಂತರ, ಒಬ್ಬರಿಗೊಬ್ಬರು ಕೇಳಿಕೊಂಡ ಪ್ರಶ್ನೆ ಆ ದಿನದವರೆಗೆ ಒಂದೂ ಇರಲಿಲ್ಲ.

ಕಾಕಾನ ಆಂಪ್ಲಿಫೈಯರಿನ ಮುಚ್ಚಳ ತೆಗೆದು ಒಳಮೈ ನೋಡಿದೆ. ಪೆನ್ಸಿಲಿನಲ್ಲಿ ಸಣ್ಣ ಸಾಲುಗಳು: ತಾರೀಖು, ಬದಲಿಸಿದ ಭಾಗ, ಯಾವ ಊರ ಜಾತ್ರೆಯಲ್ಲಿ ಕೆಟ್ಟದ್ದು. ಒಂದೇ ಜಾಗದ ಟ್ರಾನ್ಸಿಸ್ಟರ್ ಮೂರು ಸಲ ಹೋಗಿದೆ. ನಾಲ್ಕನೆಯ ಸಾಲಿನಲ್ಲಿ 'ಫ್ಯಾನ್ ಹಚ್ಚಿದೆ' ಅಂತ ಇದೆ, ಆಮೇಲೆ ಆ ಟ್ರಾನ್ಸಿಸ್ಟರಿನ ಮಾತೇ ಇಲ್ಲ. ನಾನು ಓದಿದ ಎಲೆಕ್ಟ್ರಾನಿಕ್ಸ್ ಬರವಣಿಗೆಯಲ್ಲಿ ಇಷ್ಟು ಚೊಕ್ಕವಾದದ್ದು ಕಡಿಮೆ.

ಪ್ರಿಂಟರನ್ನು ಹೊಗಳಲು ಕಾರಣ ಸಿಕ್ಕಿದ್ದೂ ಅದೇ ಶೆಡ್ಡಿನಲ್ಲಿ. ಕಾಕಾನ ಹಳೆಯ ಮಿಕ್ಸರಿನ ಒಂದು ವಾಲ್ಯೂಮ್ ಗುಬಟಿ ಒಡೆದು ವರ್ಷವಾಗಿತ್ತು, ಇಕ್ಕಳದಿಂದ ತಿರುಗಿಸುತ್ತಿದ್ದ. ಆ ಕಂಪನಿ ಮಾದರಿ ನಿಲ್ಲಿಸಿದೆ, ಭಾಗ ಸಿಗುವುದಿಲ್ಲ. ಹುಡುಗ ಕ್ಯಾಲಿಪರ್ ಹಚ್ಚಿ ಅಳೆದ: ಕಡ್ಡಿ 6 ಮಿಲಿಮೀಟರ್, ಒಂದು ಬದಿ ಚಪ್ಪಟೆ. ಮುಂದಿನ ವಾರ ತಂದ ಗುಬಟಿ ಒಳಗೆ ಹೋಗಲಿಲ್ಲ. ಅಚ್ಚಾಗುವಾಗ ತೂತು ಸ್ವಲ್ಪ ಕುಗ್ಗುತ್ತದೆ. 6.3ಕ್ಕೆ ಮಾಡಿದ್ದು ಕೂತಿತು. ಅಂಚಿಗೆ ಅವನು ಒಂದು ಸಣ್ಣ ಉಬ್ಬು ಇಟ್ಟಿದ್ದ. ರಾತ್ರಿ ಮೆರವಣಿಗೆಯಲ್ಲಿ ದೀಪವಿಲ್ಲದಾಗ ಬೆರಳಿಗೆ ಗೊತ್ತಾಗಲಿ ಅಂತ ಕಾಕಾ ಕೇಳಿದ್ದನಂತೆ. ಕೆಲವೇ ಗ್ರಾಂ ಪ್ಲಾಸ್ಟಿಕ್. ಸಾವಿರ ವ್ಯಾಟಿನ ಡಬ್ಬಕ್ಕಿಂತ ಇದು ದೊಡ್ಡ ಕೃತಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹುಡುಗ ಒಪ್ಪುವುದಿಲ್ಲ. ಅವನು ಫೋಟೊ ಹಾಕುವುದು ಡಬ್ಬದ್ದೇ.

ಡಬ್ಬಕ್ಕೆ ಹೊಸ ಮುಚ್ಚಳ ಬಂದಿದೆ, ಈ ಸಲ 80 ಡಿಗ್ರಿ ಹತ್ತಿರ ತಡೆಯುವ ಪಿಇಟಿಜಿಯಲ್ಲಿ. ಮೇಲೆ ಉದ್ದುದ್ದ ಕಿಂಡಿ, ಮೂಲೆಗೊಂದು ಸ್ಕ್ರೂ. ಟ್ರಾನ್ಸ್‌ಫಾರ್ಮರ್ 9-0-9. ಮುಚ್ಚಳದ ಒಳಮೈಯಲ್ಲಿ ಬರೆಯಲಿಕ್ಕೆಂದು ಗೆರೆ ಹಾಕಿದ ಚೌಕವನ್ನೂ ಹುಡುಗ ಅಚ್ಚು ಹಾಕಿಸಿದ್ದಾನೆ. ಕಾಕಾ ಕಿವಿಯಿಂದ ಪೆನ್ಸಿಲ್ ತೆಗೆದು ತಾರೀಖು ಬರೆಯಲು ನೋಡಿದ. ಶಾವಿಗೆ ಗೀರಿನ ಮೇಲೆ ಪೆನ್ಸಿಲ್ ಹಿಡಿಯಲಿಲ್ಲ. ಶೆಡ್ಡಿನ ಕಂಬದಿಂದ ಒಂದು ಮೊಳೆ ಕಿತ್ತು ಕೊರೆದ.